ಚಂಡಮಾರುತ ಬರುವ ಮೊದಲೇ ಮರಗೆಣಸು ಕತ್ತರಿಸಬೇಕು

ಊರಿಂದ ಫೋನ್ ಬಂದಾಗಲೆಲ್ಲ ಒಂದೇ ಪ್ರಶ್ನೆ: "ಚಂಡಮಾರುತ ಬಂದ್ರೆ ಏನು ಮಾಡ್ತೀರಿ?" ಬಂದಾಗ ಮಾಡುವಂಥದ್ದು ಹೆಚ್ಚೇನೂ ಇರುವುದಿಲ್ಲ. ಮಾಡುವುದೆಲ್ಲ ಅದಕ್ಕೂ ಮೊದಲೇ.

ನಾವಿರುವ ಫಿಜಿ ದ್ವೀಪಗಳಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಇಲ್ಲಿನ ನಾಂದಿ ಪಟ್ಟಣದ ಹವಾಮಾನ ಕೇಂದ್ರ ಗಾಳಿಯ ದಾರಿಯನ್ನು ಕೆಲವು ದಿನ ಮುಂಚೆಯೇ ಅಂದಾಜು ಮಾಡಿ ಹೇಳುತ್ತದೆ. ಆ ಕೆಲವು ದಿನಗಳೇ ಇಲ್ಲಿ ಬಂಗಾರ.

ನಮ್ಮ ಪಕ್ಕದ ಮನೆಯವರು ಎಚ್ಚರಿಕೆ ಕೇಳಿದ ಕೂಡಲೇ ಕತ್ತಿ ಹಿಡಿದು ಹಿತ್ತಲಿಗೆ ಇಳಿಯುತ್ತಾರೆ. ಆಳೆತ್ತರದ ಮರಗೆಣಸಿನ ಗಿಡಗಳನ್ನೆಲ್ಲ ಮೊಣಕಾಲೆತ್ತರಕ್ಕೆ ಕಡಿದು ಬಿಡುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತೆ, ಆದರೆ ಲೆಕ್ಕ ಸರಿಯಾಗಿದೆ. ಎತ್ತರದ ಗಿಡವನ್ನು ಗಾಳಿ ಅಲ್ಲಾಡಿಸಿದರೆ ಬೇರು ಸಡಿಲವಾಗುತ್ತದೆ, ಗೆಡ್ಡೆ ಮಣ್ಣಲ್ಲೇ ಕೊಳೆಯುತ್ತದೆ. ತುಂಡು ಗಿಡಕ್ಕೆ ಗಾಳಿ ತಾಗುವುದು ಕಡಿಮೆ. ಕಡಿದ ಕಡ್ಡಿಗಳನ್ನು ಕಟ್ಟಿ ಒಳಗಿಟ್ಟರೆ ಮತ್ತೆ ನೆಡೋಕೂ ಆಯ್ತು. ಆಮೇಲೆ ಚಾವಣಿಯ ತಗಡಿಗೆ ಹಗ್ಗ, ಕಿಟಕಿಗೆ ಪ್ಲೈವುಡ್, ಡ್ರಮ್ಮಿಗೆ ನೀರು, ಕಾಗದಪತ್ರಗಳಿಗೆ ಪ್ಲಾಸ್ಟಿಕ್ ಚೀಲ.

2016ರ ಫೆಬ್ರವರಿ 20ರಂದು ವಿನ್‌ಸ್ಟನ್ ಎಂಬ ಚಂಡಮಾರುತ ಬಂದಾಗ ಗಾಳಿ ಗಂಟೆಗೆ 200 ಕಿ.ಮೀ. ಮೀರಿತ್ತು. 44 ಜನ ಸತ್ತರು. ಕೊರೊ ದ್ವೀಪದಲ್ಲಿ ಊರಿಗೆ ಊರೇ ನೆಲಸಮವಾಯಿತು. ಇಡೀ ದೇಶಕ್ಕೆ ಆದ ನಷ್ಟ ಜಿಡಿಪಿಯ ಸುಮಾರು ಐದನೇ ಒಂದು ಪಾಲು.

ಹಿಂದೆಲ್ಲ ನೆರವು ಅಂದರೆ ಚಂಡಮಾರುತ ಹೋದ ಮೇಲೆ ಬರುವ ಅಕ್ಕಿ ಮತ್ತು ಟಾರ್ಪಾಲು. ಈಗ ವಿಶ್ವಸಂಸ್ಥೆಯ ತುರ್ತು ನಿಧಿ ಫಿಜಿಗೆ ಬೇರೆ ತರಹದ ಯೋಜನೆ ಮಾಡಿಟ್ಟಿದೆ. ಮುನ್ಸೂಚನೆ ಮೊದಲೇ ಗೊತ್ತುಮಾಡಿದ ಮಟ್ಟ ಮುಟ್ಟಿದರೆ ಸಾಕು, ಹಣ ಬಿಡುಗಡೆ. ಯಾರಿಗೆ, ಎಷ್ಟು, ಹೇಗೆ ಅನ್ನುವ ಚರ್ಚೆಯೆಲ್ಲ ಬಿಸಿಲಿರುವಾಗಲೇ ಮುಗಿದಿರುತ್ತದೆ. ನನಗೆ ಇದು ತುಂಬಾ ಸರಿ ಅನಿಸುತ್ತದೆ. ಕೂಲಿ ಮಾಡುವವರಿಗೆ ಮೊಳೆ, ಹಗ್ಗ ಬೇಕಿರುವುದು ಗಾಳಿಗೆ ಮುಂಚೆ, ಅಲ್ವಾ? ಸುಮ್ನೆ ಎಚ್ಚರಿಕೆ ಕೊಟ್ಟರೆ ಕೈಯಲ್ಲಿ ಕಾಸಿಲ್ಲದವರು ಏನು ಮಾಡಬೇಕು?

ಆದರೆ ದೂರದ ದ್ವೀಪಗಳ ಕಥೆಯೇ ಬೇರೆ. ಅಲ್ಲಿ ಫೋನಿಗೆ ಹಣ ಬಂದರೂ ಅಂಗಡಿಯಲ್ಲಿ ಮೊಳೆ ಇರಬೇಕಲ್ಲ. ಸಮುದ್ರ ಎದ್ದರೆ ಸರಕಿನ ಹಡಗು ನಿಂತು ಹೋಗುತ್ತದೆ. ಅದಕ್ಕೇ ಅಲ್ಲಿಗೆ ಪ್ಲೈವುಡ್, ಟಾರ್ಪಾಲು, ನೀರಿನ ಡಬ್ಬ ಅಕ್ಟೋಬರ್‌ನಲ್ಲೇ ತಲುಪಿ, ಊರಿನ ಶಾಲೆಯಲ್ಲೋ ಚರ್ಚಿನಲ್ಲೋ ದಾಸ್ತಾನಿರಬೇಕು. ಮುಂದಿನ ಹಣದಲ್ಲಿ ಜಾಸ್ತಿ ಪಾಲು ಇದಕ್ಕೆ ಹೋಗಲಿ ಅನ್ನುವುದು ನನ್ನ ಆಸೆ.