ಪರೇಹಾನ ಹಣೆಯ ಮೇಲಿನ ಬೆಳಕು

ತೈಲವರ್ಣದಲ್ಲಿ ಮುಖ ಬರೆಯೋದು ಕಲಿಯಬೇಕಾದರೆ ಮೊದಲು ಹಳೆಯ ಕಲಾವಿದರ ಒಂದು ಚಿತ್ರ ನಕಲು ಮಾಡು ಅಂದರು ನಮ್ಮ ಮೇಷ್ಟ್ರು. ನಾನು ಹಿಡಿದದ್ದು ಸ್ಪೇನಿನ ವೆಲಾಸ್ಕೆಸ್ 1650ರಲ್ಲಿ ರೋಮಿನಲ್ಲಿ ಬರೆದ ಹುವಾನ್ ದೆ ಪರೇಹಾ ಅನ್ನುವವನ ಚಿತ್ರ. ಮೂಲ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅವರೇ ವೆಬ್‌ಸೈಟಿನಲ್ಲಿ ಹಾಕಿರುವ ದೊಡ್ಡ ಫೋಟೊ ನನ್ನ ಆಧಾರ.

ಈ ಚಿತ್ರವೇ ಯಾಕೆ ಅಂದರೆ, ಪರೇಹಾನದು ಕಂದು ಮೈಬಣ್ಣ. ನನಗೆ ಅಪ್ಪನ ಮುಖ, ಅತ್ತೆಯ ಮುಖ ಬರೆಯೋ ಆಸೆ. ಬಿಳಿ ಕೆನ್ನೆಗಳನ್ನೇ ಬರೆದು ಕೈ ಪಳಗಿಸಿಕೊಂಡರೆ ಅದಕ್ಕೆ ಸಾಲದು, ಅಲ್ವಾ?

ಅಂಬರ್ ಅನ್ನುವ ಕಡುಕಂದು ಬಣ್ಣದಲ್ಲಿ ನೆರಳು ಬೆಳಕು ಮಾತ್ರ ಗುರುತಿಸಿದ್ದ ಮೊದಲ ಪದರ ಒಣಗಿತ್ತು. ಆ ಭಾನುವಾರ ಮುಖಕ್ಕೆ ಬಣ್ಣ ಹಚ್ಚುವ ದಿನ. ಪ್ಯಾಲೆಟ್ ಮೇಲೆ ಬಿಳಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕೆಂಪು, ಅಂಬರ್, ಕಪ್ಪು ಇಷ್ಟೇ ಇಟ್ಟರು ಮೇಷ್ಟ್ರು. "ಚರ್ಮಕ್ಕೆ ಅಂತ ಬೇರೆ ಬಣ್ಣ ಇಲ್ಲ ಕಣಮ್ಮ. ಪಕ್ಕದಲ್ಲಿ ಏನಿದೆ ಅಂತ ನೋಡಿ ಹಚ್ಚು" ಅಂದರು.

ಕಪ್ಪಿಗೆ ಬಿಳಿ ಬೆರೆಸಿದೆ. ಬರೀ ಬೂದಿ ಬಣ್ಣ. ಅದಕ್ಕೆ ಚೂರು ಓಕರ್ ತಾಗಿಸಿ, ಹಣೆಯ ಬೆಳಕು ನೆರಳಿಗೆ ತಿರುಗುವ ಕಡೆ, ಕೆಂಪು ಮಿಶ್ರಿತ ಕಂದಿನ ಪಕ್ಕ ಇಟ್ಟೆ. ಬೂದಿ ಹೋಗಿ ತಣ್ಣನೆಯ ಹಸಿರು ಛಾಯೆ ಬಂತು, ಹಣೆ ದುಂಡಗಾಯಿತು! ಕಣ್ಣು ಕಿರಿದು ಮಾಡಿ ನೋಡಿದೆ. ಕಂದು ಚರ್ಮದೊಳಗೆ ಇಷ್ಟು ಹಸಿರು, ಇಷ್ಟು ಬೂದು ಇರುತ್ತೆ ಅಂತ ಕನ್ನಡಿ ಮುಂದೆ ನಿಂತಾಗಲೂ ನಾನು ಕಂಡಿರಲಿಲ್ಲ. ಅವತ್ತು ಮಧ್ಯಾಹ್ನವಿಡೀ ಆ ಅಂಗೈಯಗಲದ ಹಣೆಯಲ್ಲೇ ಕಳೆಯಿತು.

ಕೊರಳಪಟ್ಟಿ ಮಾತ್ರ ಬೇಗ ಆಯಿತು. ಹತ್ತಿರದಿಂದ ನೋಡಿದರೆ ಒರಟು ಬಿಳಿ ಗೀರುಗಳು, ನಾಲ್ಕು ಹೆಜ್ಜೆ ಹಿಂದೆ ಹೋದರೆ ಲೇಸ್ ಬಟ್ಟೆ. ಮೇಲಿನ ಪದರಕ್ಕೆ ಅಗಸೆ ಎಣ್ಣೆ ಸ್ವಲ್ಪ ಜಾಸ್ತಿ ಬೆರೆಸಿದೆ. ಕೆಳಗಿನದಕ್ಕೆ ಎಣ್ಣೆ ಜಾಸ್ತಿಯಾಗಿ ಮೇಲಿನದಕ್ಕೆ ಕಮ್ಮಿಯಾದರೆ ಮೇಲಿನದೇ ಮೊದಲು ಒಣಗಿ ಬಿರುಕು ಬಿಡುತ್ತೆ.

ಕಣ್ಣಿಗೆ ಬಂದಾಗ ಕೈ ನಿಧಾನವಾಯಿತು. ಪರೇಹಾ ವೆಲಾಸ್ಕೆಸ್‌ನ ಚಿತ್ರಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಗುಲಾಮ. ಪೋಪ್ ಹತ್ತನೇ ಇನೊಸೆಂಟ್‌ನ ಚಿತ್ರ ಬರೆಯುವ ಮುಂಚೆ ಕೈ ಕುದುರಲಿ ಅಂತ ಒಡೆಯ ಇವನನ್ನು ನಿಲ್ಲಿಸಿ ಬರೆದ ಅನ್ನುತ್ತಾರೆ. ಆದರೆ ಚಿತ್ರದಲ್ಲಿ ಇವನ ತಲೆ ಬಗ್ಗಿಲ್ಲ. ನೇರವಾಗಿ ನಮ್ಮನ್ನೇ ನೋಡುತ್ತಾನೆ. ಅದೇ ವರ್ಷದ ನವೆಂಬರಿನಲ್ಲಿ ವೆಲಾಸ್ಕೆಸ್ ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿದ, ಇನ್ನೂ ನಾಲ್ಕು ವರ್ಷ ದುಡಿಯಬೇಕು ಅನ್ನುವ ಷರತ್ತಿನ ಮೇಲೆ. ಇಂಥ ಕಣ್ಣು ಬರೆದವನು ಹಾಗೆ ಹೇಗೆ ಮಾಡಿದ ಅಂತ ನನಗೆ ಈಗಲೂ ಸಿಟ್ಟು ಬರುತ್ತೆ.

ಬಿಡುಗಡೆಯಾದ ಮೇಲೆ ಪರೇಹಾ ತಾನೇ ಚಿತ್ರಕಾರನಾದ. ಅವನು 1661ರಲ್ಲಿ ಬರೆದ ಯೇಸು ಸಂತ ಮತ್ತಾಯನನ್ನು ಶಿಷ್ಯನಾಗಲು ಕರೆಯುವ ದೊಡ್ಡ ಚಿತ್ರ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿದೆ. ಅದರ ಎಡತುದಿಯಲ್ಲಿ ತನ್ನನ್ನೇ ಬರೆದುಕೊಂಡಿದ್ದಾನೆ, ಕೈಯಲ್ಲಿ ತನ್ನ ಹೆಸರಿರುವ ಚೀಟಿ ಹಿಡಿದು. ಮುಂದಿನ ನಕಲಿಗೆ ಆ ಮುಖವನ್ನೇ ಆರಿಸಿಕೊಂಡಿದ್ದೇನೆ. ಮೇಷ್ಟ್ರೂ ಒಪ್ಪಿದ್ದಾರೆ.