ಎರಡನೇ ಸಲ ಬರುವ ಗೆಸ್ಟಿಗೂ ಕಮಿಷನ್ ಯಾಕೆ?

ಮೈಸೂರಿನ ರೈಲ್ವೆ ಸ್ಟೇಷನ್ ಕಡೆಯ ಒಂದು ಸಣ್ಣ ಹೋಟೆಲಿನಲ್ಲಿ ಫ್ರಂಟ್ ಆಫೀಸು, ಲೆಕ್ಕಪತ್ರ ಎರಡನ್ನೂ ನೋಡಿಕೊಳ್ಳುತ್ತೇನೆ. ಯಾವ ಚೈನಿಗೂ ಸೇರದ, ಒಂದೇ ಮನೆಯವರು ನಡೆಸುವ ಹೋಟೆಲು ಇದು. ನಮ್ಮ ಥರದ ಹೋಟೆಲಿನವರು ಎಲ್ಲಿ ಸೇರಿದರೂ ಈಗ ಮಾತು ಬುಕಿಂಗ್ ಆ್ಯಪ್‌ಗಳ ಕಮಿಷನ್ನಿನದೇ. ಬೈಯುವವರು ತುಂಬಾ ಜನ. ಕೂತು ಲೆಕ್ಕ ಹಾಕಿದವರು ಕಡಿಮೆ. ಅದಕ್ಕೇ ಮೊದಲು ಲೆಕ್ಕ ಹೇಳುತ್ತೇನೆ.

ರೂಮಿನ ರೇಟು ₹2,500 ಅಂದುಕೊಳ್ಳಿ. ಕಮಿಷನ್ 20% ಇದ್ದರೆ ₹500 ಹೋಯಿತು. ಆ ಕಮಿಷನ್ ಮೇಲೆ 18% ಜಿಎಸ್‌ಟಿ, ಅಂದರೆ ಇನ್ನೊಂದು ₹90. ಇದರ ಜೊತೆ 0.5% ಟಿಸಿಎಸ್, 0.1% ಟಿಡಿಎಸ್ ಅಂತ ಸರ್ಕಾರಕ್ಕೆ ಕಟ್ಟುವ ತೆರಿಗೆಯನ್ನು ಮೊದಲೇ ಹಿಡಿದುಕೊಳ್ಳುತ್ತಾರೆ. ಅವೆರಡೂ ಮುಂದೆ ನಮ್ಮ ಲೆಕ್ಕಕ್ಕೇ ಜಮಾ ಆಗುತ್ತವೆ, ಆದರೆ ಆವತ್ತು ಕೈಗೆ ಸಿಗುವುದಿಲ್ಲ. ಗೆಸ್ಟ್ ಕೊಡುವ ಜಿಎಸ್‌ಟಿ ಬಿಟ್ಟರೆ ಬ್ಯಾಂಕಿಗೆ ಬರುವುದು ₹1,895.

ಆ ₹90ರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 2025ರ ಸೆಪ್ಟೆಂಬರ್ 21ರವರೆಗೆ ₹7,500ರ ಒಳಗಿನ ರೂಮಿಗೆ 12% ಜಿಎಸ್‌ಟಿ ಇತ್ತು. ಕಮಿಷನ್ ಮೇಲೆ ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಅಂತ ಅದರಲ್ಲಿ ವಜಾ ಮಾಡಿಕೊಳ್ಳಬಹುದಿತ್ತು. ಈಗ ರೂಮಿಗೆ 5% ಮಾತ್ರ. ಗೆಸ್ಟಿಗೆ ಒಳ್ಳೆಯದೇ ಆಯಿತು, ನನಗೂ ಖುಷಿ. ಆದರೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಹಾಗಾಗಿ ಆ ₹90 ಪೂರ್ತಿ ನಮ್ಮ ಖರ್ಚು. ಆ್ಯಪ್‌ನವರು ರೇಟು ಏರಿಸದಿದ್ದರೂ ನಮ್ಮ ಪಾಲಿಗೆ 20% ಹೋಗಿ 23.6% ಆಯಿತು. ತುಂಬಾ ಹೋಟೆಲಿನವರು ಇದನ್ನು ಇನ್ನೂ ಗಮನಿಸಿಲ್ಲ. ನಿಮ್ಮ ಆಡಿಟರ್ ಹತ್ತಿರ ಒಮ್ಮೆ ಕೂತು ಮಾತಾಡಿ.

ಇದರ ಮೇಲೆ ಡಿಸ್ಕೌಂಟುಗಳು. ಮೊಬೈಲ್‌ನಲ್ಲಿ ಬುಕ್ ಮಾಡಿದರೆ 10%, ಮೆಂಬರ್ ಆದರೆ ಇನ್ನೊಂದು 10%. ಗೆಸ್ಟಿಗೆ ಇದು ಆ್ಯಪ್ ಕೊಟ್ಟ ಉಡುಗೊರೆ ಥರ ಕಾಣುತ್ತದೆ. ಎಷ್ಟೋ ಸಲ ಕೊಡುವವರು ನಾವು. ಎರಡೂ ಸೇರಿದರೆ ₹2,500ರ ರೂಮು ₹2,025ಕ್ಕೆ ಹೋಗುತ್ತದೆ. ಕಮಿಷನ್, ಅದರ ತೆರಿಗೆ ಕಳೆದರೆ ಉಳಿಯುವುದು ₹1,550ಕ್ಕೂ ಕಡಿಮೆ. ಬೆಡ್‌ಶೀಟ್ ಒಗೆಸುವುದು, ಕರೆಂಟು, ತಿಂಡಿ, ಹುಡುಗರ ಸಂಬಳ ಎಲ್ಲ ಅದರಲ್ಲೇ ಆಗಬೇಕು. ಡಿಸ್ಕೌಂಟ್ ಬೇಡ ಅಂದರೆ ಪಟ್ಟಿಯಲ್ಲಿ ನಮ್ಮ ಹೆಸರು ಕೆಳಗೆ ಹೋಗುವ ಭಯ.

ಹಾಗಂತ ಆ್ಯಪ್ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಕೋಲ್ಕತ್ತಾದಿಂದ ಮೊದಲ ಸಲ ಅರಮನೆ ನೋಡಲು ಬರುವ ಕುಟುಂಬಕ್ಕೆ ನಾವು ಯಾರು ಅಂತ ಗೊತ್ತಿರುವುದು ಹೇಗೆ? ಅವರನ್ನು ನಮ್ಮ ಬಾಗಿಲಿಗೆ ಕರೆತಂದದ್ದಕ್ಕೆ ಕಮಿಷನ್ ಕೊಡುವುದು ನ್ಯಾಯವೇ. ಮಳೆಗಾಲದ ಮಂಗಳವಾರ ಖಾಲಿ ಬೀಳುವ ರೂಮು ₹1,550ಕ್ಕೆ ಹೋದರೂ ಹೋಗಲಿ. ನನ್ನ ತಕರಾರು ಅದೇ ಕುಟುಂಬ ಎರಡನೇ ಸಲ, ಮೂರನೇ ಸಲ ಬಂದಾಗಲೂ ಅಷ್ಟೇ ಕೊಡುವುದರ ಬಗ್ಗೆ. ನಮ್ಮ ಸೇವೆ ನೋಡಿ ವಾಪಸ್ ಬಂದವರು ಅವರು, ಅಲ್ವಾ?

ಇದನ್ನು ತಡೆಯುವ ಜಾಗ ರಿಸೆಪ್ಷನ್ ಕೌಂಟರು. ಕೆಲಸದಲ್ಲಿ ನಾನು ಕಲಿತದ್ದು ಮುಖ್ಯವಾಗಿ ಇದು. ಚೆಕ್‌ಔಟ್ ಆಗುವಾಗ ಗೆಸ್ಟ್ ಕೈಗೆ ಹೋಟೆಲಿನ ವಾಟ್ಸಾಪ್ ನಂಬರ್ ಇರುವ ಕಾರ್ಡ್ ಕೊಡುತ್ತೇವೆ. "ಮುಂದಿನ ಸಲ ನೇರವಾಗಿ ಫೋನ್ ಮಾಡಿ ಸಾರ್" ಅಂತ ಹುಡುಗರು ಬಾಯಿಬಿಟ್ಟು ಹೇಳುತ್ತಾರೆ. ರೇಟು ಇಳಿಸುವುದಕ್ಕಿಂತ ಬೇರೆ ಒಂದು ಅನುಕೂಲ ಹೆಚ್ಚು ಕೆಲಸ ಮಾಡುತ್ತದೆ. ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಚೆನ್ನೈನಿಂದ ಬರುವವರು ಬೆಳಿಗ್ಗೆಯೇ ಇಳಿಯುತ್ತಾರೆ. ನಮ್ಮ ಚೆಕ್‌ಇನ್ ಮಧ್ಯಾಹ್ನ. ನೇರವಾಗಿ ಬುಕ್ ಮಾಡಿದವರಿಗೆ, ರೂಮು ಖಾಲಿ ಇದ್ದರೆ ಬೆಳಿಗ್ಗೆಯೇ ಕೀ ಕೊಡುತ್ತೇವೆ, ಅದಕ್ಕೆ ದುಡ್ಡಿಲ್ಲ. ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬಂದ ವಯಸ್ಸಾದವರಿಗೆ ₹200 ಡಿಸ್ಕೌಂಟಿಗಿಂತ ಅದು ದೊಡ್ಡದು.

ಇನ್ನೊಂದು, ಫೋನ್ ಎತ್ತುವುದು. ಬೆಳಿಗ್ಗೆ ಚೆಕ್‌ಔಟ್ ಗಲಾಟೆಯಲ್ಲಿ ಫೋನ್ ಹೊಡೆದುಕೊಂಡು ನಿಂತುಹೋಗುತ್ತದೆ. ಆ ಕಡೆಯವರು ಆ್ಯಪ್ ತೆರೆಯುತ್ತಾರೆ. ಅಲ್ಲಿಗೆ ₹590 ಹೋಯಿತು. ಗೂಗಲ್‌ನಲ್ಲಿ ನಮ್ಮ ಹೋಟೆಲಿನ ಹೆಸರನ್ನೇ ಹುಡುಕಿದರೂ ಮೇಲೆ ಕಾಣುವುದು ಆ್ಯಪ್‌ಗಳ ಜಾಹೀರಾತು. ಗೂಗಲ್ 2021ರಿಂದ ಹೋಟೆಲಿನ ಸ್ವಂತ ಬುಕಿಂಗ್ ಲಿಂಕನ್ನೂ ಉಚಿತವಾಗಿ ತೋರಿಸುತ್ತದೆ. ಸ್ವಂತ ವೆಬ್‌ಸೈಟ್, ಬುಕಿಂಗ್ ಎಂಜಿನ್ (ಸೈಟಿನಲ್ಲೇ ರೂಮು ಬುಕ್ ಮಾಡಿಸುವ ಸಾಫ್ಟ್‌ವೇರ್) ಇರುವವರು ಇದನ್ನು ಖಂಡಿತ ಹಾಕಿಸಿಕೊಳ್ಳಿ.

ಆ್ಯಪ್‌ಗಿಂತ ಕಡಿಮೆ ರೇಟು ನೇರವಾಗಿ ಕೊಡಬಹುದಾ ಅಂತ ಕೇಳುವವರಿದ್ದಾರೆ. ಅಗ್ರಿಮೆಂಟ್ ಓದಿ. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೋಗೆ ₹223.48 ಕೋಟಿ, ಓಯೋಗೆ ₹168.88 ಕೋಟಿ ದಂಡ ಹಾಕಿತು. ಬೇರೆ ಕಡೆ ಕಡಿಮೆ ರೇಟಿಗೆ ಕೊಡಬಾರದು, ಬೇರೆ ಕಡೆ ರೂಮು ಇದ್ದರೆ ನಮಗೂ ಕೊಡಬೇಕು ಎಂಬಂಥ ಷರತ್ತುಗಳನ್ನು ಅಗ್ರಿಮೆಂಟಿನಿಂದ ತೆಗೆಯಿರಿ ಅಂತ ಮೇಕ್‌ಮೈಟ್ರಿಪ್-ಗೋಐಬಿಬೋಗೆ ಹೇಳಿತು. ಆ ಕಂಪನಿ ಮೇಲ್ಮನವಿಯನ್ನೂ ಹಾಕಿತು. ಹೋಟೆಲಿನವರ ಸಂಘ ಕೊಟ್ಟ ದೂರಿನಿಂದ ಶುರುವಾದ ಕೇಸು ಅದು. ಒಬ್ಬೊಬ್ಬರೇ ಗೊಣಗಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲ.

ದಸರಾ, ಕ್ರಿಸ್‌ಮಸ್ ರಜೆ, ಉದ್ದದ ವೀಕೆಂಡ್ ಬಂದರೆ ಆ್ಯಪ್‌ಗೆ ಕೊಡುವ ರೂಮು ಕಡಿಮೆ ಮಾಡುತ್ತೇನೆ. ಜಂಬೂಸವಾರಿಯ ದಿನ ಮೈಸೂರಿನಲ್ಲಿ ರೂಮು ತುಂಬಿಸಲು ಯಾರಿಗೂ ಕಮಿಷನ್ ಕೊಡಬೇಕಾಗಿಲ್ಲ. ಯಜಮಾನರು ಮೊದಲು ಹೆದರಿದರು. ಈಗ ತಿಂಗಳ ಕೊನೆಗೆ ಎಷ್ಟು ರೂಮು ಹೋಯಿತು ಅಂತ ಕೇಳುವ ಮೊದಲು, ಒಂದು ರೂಮಿಗೆ ಕೈಗೆ ಎಷ್ಟು ಬಂತು ಅಂತ ಕೇಳುತ್ತಾರೆ.

ಪ್ರವಾಸ ಹೋಗುವವರಿಗೂ ಒಂದು ಮಾತು. ಆ್ಯಪ್‌ನಲ್ಲಿ ಹೋಟೆಲು ಇಷ್ಟವಾದರೆ ಬುಕ್ ಮಾಡುವ ಮೊದಲು ಅಲ್ಲಿಗೇ ಒಂದು ಫೋನ್ ಮಾಡಿ ರೇಟು ಕೇಳಿ. ನಂಬರ್ ಹೋಟೆಲಿನದೇ ಅಂತ ಖಾತ್ರಿ ಮಾಡಿಕೊಳ್ಳಿ, ಸುಳ್ಳು ನಂಬರ್ ಹಾಕಿ ಮೋಸ ಮಾಡುವವರೂ ಇದ್ದಾರೆ. ತಿಂಡಿ ಸೇರಿದೆಯಾ, ಕ್ಯಾನ್ಸಲ್ ಮಾಡಿದರೆ ಅಡ್ವಾನ್ಸ್ ವಾಪಸ್ ಬರುತ್ತದೆಯಾ ಅನ್ನುವುದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಂಡು, ಆಮೇಲೆ ದುಡ್ಡು ಹಾಕಿ.