ಬೀದಿಯಲ್ಲೇ ಯಾಕೆ, ಹುಡುಗರಿಗೇ ಯಾಕೆ?

ನಾನು ಬೀದಿಯಲ್ಲಿ ನಿಂತು ಯೇಸುವಿನ ಸುವಾರ್ತೆ ಸಾರುವವನು. ಪಾಸ್ಟರ್ ಅಲ್ಲ. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ. ಬಿಡುವಿನ ಸಂಜೆ ನಾವು ನಾಲ್ಕಾರು ಜನ ಸೇರಿ ಜನ ಓಡಾಡುವ ಕಡೆ ನಿಲ್ಲುತ್ತೇವೆ. ಒಬ್ಬರು ಮಾತಾಡುತ್ತಾರೆ, ಉಳಿದವರು ಕರಪತ್ರ ಕೊಡುತ್ತಾರೆ. ನಿಂತು ಕೇಳುವವರಲ್ಲಿ ಕಾಲೇಜು ವಯಸ್ಸಿನವರೇ ಜಾಸ್ತಿ. ಇಷ್ಟು ಗೊತ್ತಾದರೆ ಸಾಕು, ಎದುರಿಗಿದ್ದವರು ಶುರು ಮಾಡುತ್ತಾರೆ: "ಅದನ್ನ ಬೀದಿಯಲ್ಲೇ ಯಾಕೆ ಮಾಡಬೇಕು? ಅದೂ ಹುಡುಗರನ್ನೇ ಯಾಕೆ ಹಿಡೀತೀರಿ?"

ಮದುವೆ ಮನೆಯಲ್ಲಿ ಕೇಳಿದ್ದಾರೆ. ಲಿಫ್ಟಿನಲ್ಲಿ ಕೇಳಿದ್ದಾರೆ. ಹಲ್ಲಿನ ಡಾಕ್ಟರು ನನ್ನ ಬಾಯಿಗೆ ಹತ್ತಿ ತುರುಕಿ ಕೇಳಿದ್ದಾರೆ. ಕೇಳುವವರಿಗೆ ಅದು ಮೊದಲನೇ ಸಲ, ನನಗಲ್ಲ. ನಗುನಗುತ್ತಾ ಉತ್ತರ ಕೊಟ್ಟು ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಯಾರಾದರೂ ಕೇಳಿದರೆ ಇದನ್ನು ಕಳಿಸಿ ಸುಮ್ಮನಾಗುತ್ತೇನೆ.

ಮೊದಲು ಆ ಹಿಡಿಯುವ ವಿಷಯ. ನನ್ನ ಕೈಯಲ್ಲಿ ಇರುವುದು ಅಂಗೈ ಅಗಲದ ಕಾಗದ. ಬೇಕಾದವರು ತಗೊಳ್ಳುತ್ತಾರೆ. ಕೆಲವರು ನಾಲ್ಕು ಹೆಜ್ಜೆ ಹೋಗಿ, ನಾನು ನೋಡುತ್ತಿಲ್ಲ ಅಂದುಕೊಂಡು, ಕಸದ ಬುಟ್ಟಿಗೆ ಹಾಕುತ್ತಾರೆ. ನಾನು ನೋಡುತ್ತಲೇ ಇರುತ್ತೇನೆ. ಎಲ್ಲ ಮುಗಿದ ಮೇಲೆ ಆ ಬುಟ್ಟಿಯ ಸುತ್ತ ಬಿದ್ದಿದ್ದನ್ನು ಆರಿಸುವವನೂ ನಾನೇ. ಇದನ್ನು ಹಿಡಿಯುವುದು ಅಂತೀರಾದರೆ, ನನ್ನಷ್ಟು ದಂಡದ ಬೇಟೆಗಾರ ಇನ್ನೊಬ್ಬನಿಲ್ಲ.

ಎಷ್ಟು ದುಡ್ಡು ಕೊಡುತ್ತಾರೆ ಅನ್ನುವವರಿಗೆ: ಯಾರೂ ಕೊಡುವುದಿಲ್ಲ. ಪ್ರಿಂಟಿಂಗ್ ಖರ್ಚೂ ನಮ್ಮದೇ. ಮುಂದಿನ ಪ್ರಶ್ನೆ.

ನಮ್ಮ ಸಭೆಯವರೂ ಏನು ಕಡಿಮೆ ಇಲ್ಲ. ಅವರ ಪ್ರಶ್ನೆ "ಎಷ್ಟು ಆತ್ಮಗಳು, ಬ್ರದರ್?" ಎಷ್ಟು ಜನ ನಂಬಿದರು ಅಂತ ಅವರಿಗೆ ಲೆಕ್ಕ ಬೇಕು. ಬೈಬಲ್ಲಿನಲ್ಲಿ ಊರೂರು ತಿರುಗಿ ಯೇಸುವಿನ ವಿಷಯ ಸಾರಿದ ಪೌಲ ಅಥೇನೆ ಪಟ್ಟಣದ ಚೌಕದಲ್ಲಿ ದಿನಾ ಸಿಕ್ಕಸಿಕ್ಕವರ ಹತ್ತಿರ ಮಾತಾಡಿದ. ಕೆಲವರು ಅವನನ್ನು ಬಾಯಿಬಡುಕ ಅಂದರು. ಕೊನೆಗೆ ಊರ ಹಿರಿಯರ ಸಭೆಯಾದ ಅರಿಯೊಪಾಗದಲ್ಲಿ ನಿಂತು ಅಷ್ಟು ಒಳ್ಳೇ ಪ್ರಸಂಗ ಮಾಡಿದ ಮೇಲೂ ಆಗಿದ್ದೇನು? ಕೆಲವರು ಗೇಲಿ ಮಾಡಿದರು. ಕೆಲವರು ಇನ್ನೊಂದು ಸಲ ಕೇಳೋಣ ಅಂದರು. ನಂಬಿದವರು ಕೆಲವರು ಮಾತ್ರ. ಪೌಲನ ಪಾಡೇ ಹೀಗಾದರೆ ನನ್ನ ಹತ್ತಿರ ಏನು ಲೆಕ್ಕ ಕೇಳುತ್ತೀರಿ?

ಈಗ ಬೀದಿ. ಬೀದಿಯಲ್ಲೇ ಯಾಕೆ ಅಂದರೆ, ಅಲ್ಲಿ ಕೇಳುವವರು ಯಾವಾಗ ಬೇಕಾದರೂ ಹೊರಟುಹೋಗಬಹುದು. ಅಷ್ಟೇ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಇಲ್ಲ.

ಚರ್ಚಿಗೆ ಮೊದಲ ಸಲ ಬಂದ ಹುಡುಗನನ್ನು ನೋಡಿ. ಯಾರೋ ಪರಿಚಯದವರು ಕರೆತಂದು ಎರಡನೇ ಬೆಂಚಿನಲ್ಲಿ ಕೂರಿಸಿರುತ್ತಾರೆ. ಪ್ರಸಂಗ ಹಿಡಿಸಲಿಲ್ಲ ಅಂತಿಟ್ಟುಕೊಳ್ಳಿ. ಅವನು ಏಳುವ ಹಾಗಿಲ್ಲ. ಎದ್ದರೆ ಇಡೀ ಸಭೆ ತಿರುಗಿ ನೋಡುತ್ತದೆ, ಕರೆತಂದವರ ಮುಖ ಸಪ್ಪಗಾಗುತ್ತದೆ. ಕೂತೇ ಇರುತ್ತಾನೆ. ಬೈಬಲ್ಲಿನ ಅಪೊಸ್ತಲರ ಕೃತ್ಯಗಳು ಅನ್ನುವ ಪುಸ್ತಕದ 20ನೇ ಅಧ್ಯಾಯದಲ್ಲಿ ಯೂತಿಕ ಅಂತ ಒಬ್ಬ ಯೌವನಸ್ಥ ಬರುತ್ತಾನೆ. ಪೌಲ ಮಧ್ಯರಾತ್ರಿಯವರೆಗೆ ಮಾತಾಡಿದ್ದಾನೆ. ಕಿಟಕಿಯಲ್ಲಿ ಕೂತಿದ್ದ ಹುಡುಗ ನಿದ್ದೆ ತೂಗಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಸತ್ತೇ ಹೋದ ಅಂದುಕೊಂಡವನನ್ನು ಪೌಲ ತಬ್ಬಿಕೊಂಡ, ಬದುಕಿದ. ಹುಡುಗರಿಗೆ ಬೀದಿ ಬೋಧನೆ ಅಪಾಯ ಅನ್ನುವವರು ಗಮನಿಸಿ, ಬೈಬಲ್ಲಿನಲ್ಲಿ ಹುಡುಗನೊಬ್ಬ ಪ್ರಸಂಗ ಕೇಳುತ್ತಾ ಬಿದ್ದದ್ದು ಮನೆಯೊಳಗಿನ ಕೂಟದಿಂದ. ಬೀದಿಯಲ್ಲಾಗಿದ್ದರೆ ಯೂತಿಕ ಹತ್ತು ನಿಮಿಷಕ್ಕೆ ಜಾಗ ಖಾಲಿ ಮಾಡಿ ಮನೆಯಲ್ಲಿ ಮಲಗಿರುತ್ತಿದ್ದ.

ಇದೇನು ಮೊನ್ನೆ ಮೊನ್ನೆ ಬಂದ ಹುಚ್ಚೂ ಅಲ್ಲ. 1739ರ ಫೆಬ್ರವರಿಯಲ್ಲಿ ಬೋಧಕ ಜಾರ್ಜ್ ವೈಟ್‌ಫೀಲ್ಡ್ ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರದ ಕಿಂಗ್ಸ್‌ವುಡ್‌ನಲ್ಲಿ ಕಲ್ಲಿದ್ದಲು ಗಣಿಯವರ ಮುಂದೆ ಬಯಲಲ್ಲಿ ನಿಂತಾಗ ಅವನಿಗೆ 24 ವರ್ಷ. ಅವನೇ ಹುಡುಗ! ಏಪ್ರಿಲ್‌ನಲ್ಲಿ ಅವನ ಗೆಳೆಯ, ಪಾದ್ರಿ ಜಾನ್ ವೆಸ್ಲಿಯೂ ಬಯಲಿಗೆ ಬಂದ. ವೆಸ್ಲಿಗೆ ಇದು ಒಗ್ಗಿದ ಕೆಲಸ ಅಲ್ಲವೇ ಅಲ್ಲ. ಆತ್ಮಗಳ ರಕ್ಷಣೆ ಚರ್ಚಿನ ಹೊರಗೆ ನಡೆದರೆ ಅದು ಪಾಪಕ್ಕೆ ಸಮ ಅಂತ ತಾನೂ ಮೊನ್ನೆಯವರೆಗೆ ತಿಳಿದಿದ್ದೆ ಎಂದು ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. 1742ರಲ್ಲಿ ಸ್ವಂತ ಊರು ಎಪ್‌ವರ್ತ್‌ನ ಚರ್ಚಿನಲ್ಲಿ ಮಾತಾಡಲು ಬಿಡಲಿಲ್ಲ. ಹೊರಗೆ ಅಂಗಳದಲ್ಲಿದ್ದ ಅಪ್ಪನ ಸಮಾಧಿ ಮೇಲೆ ನಿಂತು ಬೋಧಿಸಿದ. "ಚರ್ಚಿನೊಳಗೆ ಮಾಡಬಾರದಾ?" ಅನ್ನುವವರಿಗೆ ಇದೂ ಒಂದು ಉತ್ತರ.

ಮೈಕ್ ಬಗ್ಗೆ ಒಂದು ಮಾತು, ಯಾಕೆಂದರೆ ಇಲ್ಲಿ ನಾನು ಬೈಯುವವರ ಕಡೆಗೇ ಇದ್ದೇನೆ. ವೈಟ್‌ಫೀಲ್ಡ್‌ಗೆ ಮೈಕ್ ಇರಲಿಲ್ಲ. ಫಿಲಡೆಲ್ಫಿಯಾದಲ್ಲಿ ಅವನು ಮಾತಾಡುತ್ತಿದ್ದಾಗ ಬೆಂಜಮಿನ್ ಫ್ರಾಂಕ್ಲಿನ್ ಬೀದಿಯುದ್ದಕ್ಕೂ ಹಿಂದೆ ಹಿಂದೆ ಸರಿಯುತ್ತಾ ದನಿ ಎಲ್ಲಿಯವರೆಗೆ ಕೇಳುತ್ತದೆ ಅಂತ ಅಳತೆ ಮಾಡಿದ. ಅರ್ಧ ವೃತ್ತ, ಒಬ್ಬೊಬ್ಬರಿಗೆ ಎರಡು ಚದರ ಅಡಿ ಅಂತ ಲೆಕ್ಕ ಹಾಕಿ, 30,000ಕ್ಕೂ ಹೆಚ್ಚು ಜನರಿಗೆ ಕೇಳಿಸಬಹುದು ಅಂದ. ನಮ್ಮವರಿಗೆ ಹತ್ತು ಜನರನ್ನು ಮಾತಾಡಿಸಲು ಎರಡು ಸ್ಪೀಕರ್ ಬೇಕು. ದಾರಿಯಲ್ಲಿ ನಿಂತವನು ಹೊರಟುಹೋಗಬಹುದು, ಸರಿ. ಮೇಲಿನ ಮಹಡಿಯಲ್ಲಿ ಕೂಸು ಮಲಗಿಸುತ್ತಿರುವವಳು ಎಲ್ಲಿಗೆ ಹೋಗಬೇಕು? ಓಡುತ್ತಿರುವ ರೈಲಿನ ಡಬ್ಬಿಯಲ್ಲಿ ಎದ್ದು ನಿಂತು ಬೋಧಿಸುವವರೂ ಇದ್ದಾರೆ. ಕೇಳುವವರು ಎಲ್ಲಿಗೆ ಇಳಿಯಬೇಕು? ನಾನು ಅಂಥ ಕಡೆ ಬಾಯಿ ಬಿಡುವುದಿಲ್ಲ.

ಇನ್ನೊಂದು ಜಾತಿಯ ಜಾಣರಿದ್ದಾರೆ. ಬೈಬಲ್ಲಿನ ಮತ್ತಾಯನ ಪುಸ್ತಕದ 6:5 ತೆಗೆದು ಮುಖಕ್ಕೆ ಹಿಡಿಯುತ್ತಾರೆ. ಜನ ನೋಡಲಿ ಅಂತ ಬೀದಿ ಮೂಲೆಯಲ್ಲಿ ನಿಂತು ಪ್ರಾರ್ಥಿಸುವ ಕಪಟಿಗಳ ಹಾಗೆ ಇರಬೇಡಿ ಅಂತ ಯೇಸುವೇ ಹೇಳಿಲ್ವಾ? ಹೇಳಿದ್ದಾನೆ. ಅದು ಪ್ರಾರ್ಥನೆಯ ಮಾತು. ಅದೇ ವಾಕ್ಯದಲ್ಲಿ ಸಭಾಮಂದಿರದ ಹೆಸರೂ ಇದೆ. ಆ ಲೆಕ್ಕದಲ್ಲಿ ಭಾನುವಾರದ ಆರಾಧನೆಗೂ ಬೀಗ ಹಾಕಬೇಕಾಗುತ್ತದೆ. ವಾಕ್ಯ ಹೇಳುವ ಮುಂಚೆ ಪೂರ್ತಿ ಓದಿಕೊಂಡು ಬನ್ನಿ.

ಹುಡುಗರೇ ಯಾಕೆ ಅಂದರೆ, ಅವರು ನಿಲ್ಲುತ್ತಾರೆ. ದೊಡ್ಡವರು ನಮ್ಮನ್ನು ಕಂಡ ಕೂಡಲೇ ಬಾರದ ಫೋನನ್ನು ಕಿವಿಗೆ ಇಟ್ಟುಕೊಂಡು ಪಕ್ಕಕ್ಕೆ ಸರಿಯುತ್ತಾರೆ. ಹುಡುಗರು ಒಂದು ಕಿವಿಯ ಇಯರ್‌ಫೋನ್ ತೆಗೆದು ಜಗಳಕ್ಕೆ ಬರುತ್ತಾರೆ. ಡೈನೋಸಾರ್ ಬೈಬಲ್ಲಿನಲ್ಲಿ ಯಾಕಿಲ್ಲ ಅಂತ ಕೇಳುತ್ತಾರೆ. ದೇವರಿಗೆ ಕರುಣೆ ಇದ್ದರೆ ನಮ್ಮಜ್ಜಿಗೆ ಯಾಕೆ ಕ್ಯಾನ್ಸರ್ ಬಂತು ಅಂತ ಕೇಳುತ್ತಾರೆ. ಒಬ್ಬಳು ಹುಡುಗಿ, ಗೆಳತಿಯರೆಲ್ಲ ನಗುತ್ತಿದ್ದಾಗ ತಾನು ನಗದೆ, "ಹಾಗಾದ್ರೆ ನಮ್ಮಮ್ಮ ನರಕಕ್ಕೆ ಹೋಗ್ತಾರಾ?" ಅಂದಳು. ನಿಮ್ಮಮ್ಮನ ತೀರ್ಪು ನನ್ನ ಕೈಯಲ್ಲಿಲ್ಲ, ಅದು ನನ್ನ ಕೈಯಲ್ಲಿಲ್ಲ ಅನ್ನುವುದೇ ನನಗೆ ಸಮಾಧಾನ ಅಂದೆ. ಅವಳಿಗೆ ಆ ಉತ್ತರ ಸಾಲಲಿಲ್ಲ. ಆದರೂ ಕೇಳಿದಳಲ್ಲ. ದೊಡ್ಡವರು ಕೇಳುವುದು ದುಡ್ಡಿನ ವಿಷಯ.

"ಕಾನೂನು ಬಿಡುತ್ತಾ?" ಅಂತಲೂ ಕೇಳುತ್ತಾರೆ. ದೇಶದಿಂದ ದೇಶಕ್ಕೆ ಬೇರೆ ಬೇರೆ. ಇಂಗ್ಲೆಂಡಿನಲ್ಲಿ ಸಾಲ್ವೇಶನ್ ಆರ್ಮಿ ಅನ್ನುವ ಕ್ರೈಸ್ತ ಸಂಘದವರು ಬೀದಿ ಮೆರವಣಿಗೆ ಹೊರಟಾಗ ವಿರೋಧಿಗಳು ಗಲಾಟೆ ಮಾಡಿದರು, ಪೊಲೀಸರು ಮೆರವಣಿಗೆಯವರನ್ನೇ ಹಿಡಿದರು. ಬೇರೆಯವರು ಗಲಾಟೆ ಮಾಡುತ್ತಾರೆ ಅಂತ ಇವರನ್ನು ತಪ್ಪಿತಸ್ಥರು ಮಾಡಲಾಗದು ಎಂದು 1882ರಲ್ಲಿ ಕೋರ್ಟ್ ಹೇಳಿತು. ವೇಕ್‌ಫೀಲ್ಡ್ ಕೆಥೀಡ್ರಲ್ ಮೆಟ್ಟಿಲ ಮೇಲೆ ಬೋಧಿಸುತ್ತಿದ್ದ ಹೆಂಗಸರ ಕೇಸಿನಲ್ಲಿ 1999ರಲ್ಲೂ ಹೆಚ್ಚುಕಡಿಮೆ ಅದೇ ತೀರ್ಪು. ಅಮೆರಿಕದಲ್ಲಿ ಕಾಲೇಜು ಆವರಣದಲ್ಲಿ ಬೋಧಿಸಿದ ವಿದ್ಯಾರ್ಥಿಯೊಬ್ಬನ ಬಾಯಿ ಮುಚ್ಚಿಸಿದ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2021ರಲ್ಲಿ ಅವನ ಕಡೆ ಆಯಿತು. ಇವೆಲ್ಲ ನಮ್ಮವರ ಬಾಯಲ್ಲಿ ಸದಾ ಇರುವ ಕೇಸುಗಳು. ಗೆದ್ದಿದ್ದನ್ನು ಯಾರು ಬೇಕಾದರೂ ನೆನಪಿಟ್ಟುಕೊಳ್ಳುತ್ತಾರೆ.

ನಾನು ನೆನಪಿಟ್ಟುಕೊಂಡಿರುವುದು ಬೇರೆ ಎರಡು. ಗ್ರೀಸಿನಲ್ಲಿ ಮಿನೋಸ್ ಕೊಕ್ಕಿನಾಕಿಸ್ ಅಂತ ಒಬ್ಬ, 'ಯೆಹೋವನ ಸಾಕ್ಷಿಗಳು' ಅನ್ನುವ ಪಂಥದವನು. ತನ್ನ ನಂಬಿಕೆ ಸಾರಿದ್ದಕ್ಕೆ 60ಕ್ಕೂ ಹೆಚ್ಚು ಸಲ ಬಂಧನವಾದವನು. 1993ರಲ್ಲಿ ಯುರೋಪಿನ ಮಾನವ ಹಕ್ಕುಗಳ ಕೋರ್ಟ್ ಅವನ ಪರ ತೀರ್ಪು ಕೊಟ್ಟಿತು. ಆದರೆ ಜೊತೆಗೇ ಒಂದು ಗೆರೆ ಎಳೆಯಿತು. ತನ್ನ ನಂಬಿಕೆಗೆ ಸಾಕ್ಷಿ ಹೇಳುವುದು ಬೇರೆ. ಆಮಿಷ ತೋರಿಸುವುದು, ಸಂಕಟದಲ್ಲಿರುವವರ ಮೇಲೆ, ಅಗತ್ಯದಲ್ಲಿರುವವರ ಮೇಲೆ ಒತ್ತಡ ಹಾಕುವುದು ಬೇರೆ. 1998ರಲ್ಲಿ ಅದೇ ದೇಶದ ವಾಯುಪಡೆಯ ಕೆಲವು ಅಧಿಕಾರಿಗಳ ಕೇಸು ಬಂತು. ಅವರು ಪೆಂಟೆಕೋಸ್ಟಲ್ ಅನ್ನುವ ಕ್ರೈಸ್ತ ಪಂಥದ ಸಭೆಯವರು. ಹೊರಗಿನ ನಾಗರಿಕರಿಗೆ ಹೇಳಿದ್ದಕ್ಕೆ ಶಿಕ್ಷೆ ಕೊಟ್ಟದ್ದು ತಪ್ಪು, ಕೈಕೆಳಗಿನ ಸೈನಿಕರಿಗೆ ಹೇಳಿದ್ದಕ್ಕೆ ಕೊಟ್ಟದ್ದು ಸರಿ ಅಂತ ತೀರ್ಪಾಯಿತು. ಮೇಲಧಿಕಾರಿ ಮಾತಾಡಿಸಿದಾಗ ಕೆಳಗಿನವನು ಎದ್ದು ಹೋಗಲಾರ, ಅಲ್ವಾ?

ಯಾರಿಗೆ ಹೇಳಬಾರದು ಅಂತ ಹೇಗೆ ಗೊತ್ತಾಗುತ್ತದೆ? ಇದನ್ನು ಒಬ್ಬರಾದರೂ ಕೇಳಿದ್ದರೆ ನಾನು ಮದುವೆ ಊಟ ಬಿಟ್ಟು ಕೂತು ಉತ್ತರ ಕೊಡುತ್ತಿದ್ದೆ. ವಿರೋಧಿಸುವವರಿಗೂ ಈ ಪ್ರಶ್ನೆ ಹೊಳೆಯುವುದಿಲ್ಲ, ನಮ್ಮವರಿಗೂ ಹೊಳೆಯುವುದಿಲ್ಲ.

ಕೆಲವು ಸುಲಭ. ಸ್ಕೂಲ್ ಯೂನಿಫಾರ್ಮ್ ಹಾಕಿಕೊಂಡ ಮಕ್ಕಳಿಗೆ ನಾವು ಕರಪತ್ರ ಕೊಡುವುದಿಲ್ಲ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿ ಮಗುವಿಗೂ ಧರ್ಮದ ಸ್ವಾತಂತ್ರ್ಯ ಇದೆ ಅನ್ನುತ್ತದೆ, ದಾರಿ ತೋರಿಸುವ ಹಕ್ಕು ಅಪ್ಪ ಅಮ್ಮನಿಗೂ ಇದೆ ಅನ್ನುತ್ತದೆ. ಆ ಅಪ್ಪ ಅಮ್ಮ ಅಲ್ಲಿ ಇರುವುದಿಲ್ಲ. ಯಾರ ಫೋನ್ ನಂಬರನ್ನೂ ನಾವಾಗಿ ಕೇಳುವುದಿಲ್ಲ. ಒಬ್ಬರೇ ಒಬ್ಬರನ್ನು ಪಕ್ಕಕ್ಕೆ ಕರೆದೊಯ್ಯುವುದಿಲ್ಲ. ಮುಗೀತು.

ಕಷ್ಟವಾದದ್ದು ಒಬ್ಬ ಹುಡುಗ. ಹತ್ತೊಂಬತ್ತು ಇಪ್ಪತ್ತರ ವಯಸ್ಸು. ಮಳೆ ಬಂದು ನಿಂತಿತ್ತು, ಜನ ಚದುರಿದ್ದರು. ಅವನು ಮಾತ್ರ ನಿಂತಿದ್ದ. ನಮ್ಮ ಕರಪತ್ರವನ್ನು ಕಡ್ಡಿಯಷ್ಟು ಬಿಗಿಯಾಗಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಿದ್ದ. ಬ್ಯಾಗಿನ ಜಿಪ್ ತೆರೆದೇ ಇತ್ತು, ಒಳಗಿನ ಪುಸ್ತಕಗಳು ನೆಂದಿದ್ದವು.

"ಅಂಕಲ್, ನಾನು ರೆಡಿ," ಅಂದ.

"ಯಾವುದಕ್ಕಪ್ಪಾ?"

"ಎಲ್ಲದಕ್ಕೂ. ಈಗಲೇ ಪ್ರಾರ್ಥನೆ ಮಾಡಿಬಿಡಿ."

ನಾವು ಹೇಳಿದ್ದರಲ್ಲಿ ಏನು ಕೇಳಿಸಿಕೊಂಡೆ ಅಂತ ಕೇಳಿದೆ. ಒಂದೂ ಹೇಳಲಾಗಲಿಲ್ಲ. ನಾನು ಇನ್ಯಾವ ದೇವರ ಹೆಸರು ಹೇಳಿದ್ದರೂ, ಯಾವ ಪಕ್ಷದ ಬಾವುಟ ಕೊಟ್ಟಿದ್ದರೂ ಅವನು ಹಾಗೆಯೇ ಹೂಂ ಅನ್ನುತ್ತಿದ್ದ. ಊಟ ಆಯ್ತಾ ಅಂದೆ. ಬೆಳಿಗ್ಗೆಯಿಂದ ಇಲ್ಲ. ಅವತ್ತು ರಿಸಲ್ಟ್ ಬಂದಿತ್ತು. ಫೇಲಾಗಿದ್ದ, ಮನೆಗೆ ಹೇಳಿರಲಿಲ್ಲ. ಫೋನ್ ಆಫ್ ಮಾಡಿಕೊಂಡಿದ್ದ. ಆನ್ ಮಾಡು ಅಂದೆ. ಆನ್ ಆದ ಕೂಡಲೇ ಮೆಸೇಜುಗಳು ಒಂದರ ಮೇಲೊಂದು ಬಂದವು, ಫೋನು ಕೈಯಲ್ಲೇ ನಡುಗುತ್ತಿತ್ತು. ಅಕ್ಕನ ಕಾಲ್ ಬಂತು. ಅವಳು ಬರುವ ತನಕ ಜೊತೆಯಲ್ಲಿ ನಿಂತಿದ್ದೆ. ಕ್ರಿಕೆಟ್ ಬಗ್ಗೆ ಏನೋ ಮಾತಾಡಿದೆವು. ಪ್ರಾರ್ಥನೆ ಮಾಡಿದೆ, ಆದರೆ ಮನೆಗೆ ಹೋಗಿ ಮಾಡಿದೆ.

ನಮ್ಮ ಗುಂಪಿನ ಹಿರಿಯರು ಅವತ್ತು ನನ್ನ ಮೇಲೆ ಹರಿಹಾಯ್ದರು. "ಬ್ರದರ್, ದೇವರೇ ಕಳಿಸಿಕೊಟ್ಟವನನ್ನ ನೀವು ವಾಪಸ್ ಕಳಿಸಿದ್ರಿ." ನಾನು ಮತ್ತಾಯ 19 ತೆಗೆದೆ. ಐಶ್ವರ್ಯವಂತನಾದ ಯೌವನಸ್ಥ ತಾನಾಗಿ ಬಂದ, ಕೇಳಿದ, ಬೇಸರದಿಂದ ಹೊರಟುಹೋದ. ಅವನನ್ನು ನೋಡಿ ಯೇಸುವಿಗೆ ಪ್ರೀತಿ ಹುಟ್ಟಿತು ಅಂತ ಇದೇ ಕಥೆಯನ್ನು ಹೇಳುವ ಮಾರ್ಕ ತನ್ನ ಪುಸ್ತಕದಲ್ಲಿ ಬರೆಯುತ್ತಾನೆ. ಆದರೂ ಹಿಂದೆ ಓಡಲಿಲ್ಲ, ಹೋಗಲು ಬಿಟ್ಟ. ಹಿರಿಯರು ಸುಮ್ಮನಿರುವವರಲ್ಲ. "ಅವನು ದುಡ್ಡಿದ್ದವನು, ಬ್ರದರ್. ಬೇಡ ಅಂತ ಹೋದ. ಇವನು ಬೇಕು ಅಂತ ಬಂದವನು. ಹೊರೆ ಹೊತ್ತವರೆಲ್ಲ ನನ್ನ ಹತ್ತಿರ ಬನ್ನಿ ಅಂದಿದ್ದು ಯಾರಿಗೆ?" ಅಂದರು. ಅದು ಮತ್ತಾಯ 11:28. ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ. ಬನ್ನಿ ಅಂದವನು ಯೇಸು, ನಾವಲ್ಲ ಅಂದೆ. ಹಾಗಾದರೆ ನಾವು ಬೀದಿಗೆ ಬರುವುದಾದರೂ ಯಾಕೆ ಅಂದರು. ನಿಮ್ಮೆಲ್ಲರ ಪ್ರಶ್ನೆಯೇ ಅವರ ಬಾಯಲ್ಲೂ!

ಆ ಹುಡುಗ ಮತ್ತೆ ನಮ್ಮ ಕಡೆ ಬಂದಿಲ್ಲ. ನಾನೂ ಹಿರಿಯರೂ ಈಗಲೂ ಜೊತೆಯಾಗಿಯೇ ಹೋಗುತ್ತೇವೆ. ಅವರು ಮಾತಾಡುತ್ತಾರೆ, ನಾನು ಕಾಗದ ಕೊಡುತ್ತೇನೆ. ವಾಪಸ್ ಬರುವಾಗ ಅದೇ ಜಗಳ ಮುಂದುವರಿಯುತ್ತದೆ. ಹೋದ ವಾರ ಅವರು ಕೀರ್ತನೆಗಳ ಪುಸ್ತಕದಿಂದ ಹೊಸದೊಂದು ವಾಕ್ಯ ಹುಡುಕಿ ತಂದಿದ್ದರು. ನಾನಿನ್ನೂ ಅದಕ್ಕೆ ಉತ್ತರ ಹುಡುಕುತ್ತಿದ್ದೇನೆ.